ಕಡೆಯ ಸುತ್ತಿಗೆ ಕಬ್ಬಿನ ಗದ್ದೆಯಲ್ಲಿ



2024ರ ಏಪ್ರಿಲ್ 21, ಭಾನುವಾರ ರಾತ್ರಿ. ಚೈತ್ರದ ಹುಣ್ಣಿಮೆಗೆ ಇನ್ನೆರಡು ದಿನ ಇತ್ತು. ಮದ್ದೂರು ತಾಲ್ಲೂಕಿನ ನಮ್ಮ ಚಿಕ್ಕರಸಿನಕೆರೆಯಲ್ಲಿ ಊಟ ಮುಗಿಸಿ, ಗುದ್ದಲಿ, ಟಾರ್ಚು, ಫ್ಲಾಸ್ಕಿನಲ್ಲಿ ಟೀ, ಬಟ್ಟೆಯ ಚೀಲದಲ್ಲಿ ಒಂದು ಹಳೆಯ ಚೆಸ್ ಮಣೆ, ಇಷ್ಟನ್ನು ಹಿಡಿದು ಕಬ್ಬಿನ ಗದ್ದೆಗೆ ಹೊರಟೆ. ಜೊತೆಗೆ ಅಣ್ಣನ ಮೊಮ್ಮಗ. ಅವನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಎರಡು ವಾರ ಆಗಿತ್ತು. ಹಿಂದಿನ ವರ್ಷ ಮಳೆ ಕೈಕೊಟ್ಟು ಕನ್ನಂಬಾಡಿ ತುಂಬಿರಲಿಲ್ಲ. ನಾಲೆಯ ನೀರನ್ನು ನಂಬುವ ಹಾಗಿರಲಿಲ್ಲ. ಬೋರ್‌ವೆಲ್ಲೇ ಗತಿ. ಆ ವಾರ ನಮ್ಮ ಕಡೆಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿತ್ತು. ಹಾಗಾಗಿ ಮಧ್ಯರಾತ್ರಿಯಲ್ಲಿ ನೀರು ಕಟ್ಟುವುದು.

ಅದೇ ಮಧ್ಯರಾತ್ರಿ ಹನ್ನೆರಡಕ್ಕೆ ಸರಿಯಾಗಿ ಕೆನಡಾದ ಟೊರಾಂಟೊದಲ್ಲಿ ಹಗಲು ಎರಡೂವರೆ ಗಂಟೆ. ಅಲ್ಲಿನ ಗ್ರೇಟ್ ಹಾಲ್ ಎಂಬ ಹಳೆಯ ಕಟ್ಟಡದಲ್ಲಿ ಕ್ಯಾಂಡಿಡೇಟ್ಸ್ ಪಂದ್ಯಾವಳಿಯ ಹದಿನಾಲ್ಕನೆಯ ಸುತ್ತು, ಅಂದರೆ ಕಡೆಯ ಸುತ್ತು, ಶುರುವಾಗುವ ಹೊತ್ತು. ಕ್ಯಾಂಡಿಡೇಟ್ಸ್ ಎಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಜಗತ್ತಿನಿಂದ ಆರಿಸಿದ ಎಂಟು ಜನ ಒಬ್ಬೊಬ್ಬರ ಜೊತೆ ಎರಡೆರಡು ಸಲ ಆಡುತ್ತಾರೆ. ಮೊದಲು ಬಂದವನು ವಿಶ್ವ ಚಾಂಪಿಯನ್ನನ ಎದುರು ಕೂರುತ್ತಾನೆ. ಎರಡನೆಯ ಸ್ಥಾನಕ್ಕೆ ಸಾಮಾನ್ಯವಾಗಿ ಆ ಅವಕಾಶ ಸಿಗುವುದಿಲ್ಲ.

ಆ ರಾತ್ರಿಯ ಲೆಕ್ಕ ಹೀಗಿತ್ತು. ಚೆನ್ನೈನ ಹದಿನೇಳು ವರ್ಷದ ಹುಡುಗ ಡಿ. ಗುಕೇಶ್ ಎಂಟೂವರೆ ಅಂಕ. ಅವನ ಹಿಂದೆ ಎಂಟೆಂಟು ಅಂಕದಲ್ಲಿ ಮೂವರು: ಅಮೆರಿಕದ ಹಿಕಾರು ನಕಮುರಾ, ಫ್ಯಾಬಿಯಾನೊ ಕರುವಾನಾ, ರಷ್ಯಾದ ಇಯಾನ್ ನೆಪೊಮ್ನಿಯಾಷಿ. ಕಡೆಯ ಸುತ್ತಿನಲ್ಲಿ ನಕಮುರಾ ಎದುರು ಗುಕೇಶ್, ಕರುವಾನಾ ಎದುರು ನೆಪೊಮ್ನಿಯಾಷಿ. ನಾಲ್ವರೂ ಎರಡೇ ಮಣೆಯಲ್ಲಿ. ಗುಕೇಶ್ ಡ್ರಾ ಮಾಡಿಕೊಂಡರೆ ಒಂಬತ್ತು ಅಂಕ. ಆಚೆ ಮಣೆಯಲ್ಲಿ ಯಾರಾದರೂ ಗೆದ್ದರೆ ಅವರದೂ ಒಂಬತ್ತು, ಮರುದಿನ ಟೈಬ್ರೇಕ್. ಅಲ್ಲಿಯೂ ಡ್ರಾ ಆದರೆ ಹುಡುಗ ಗೆದ್ದ ಹಾಗೆ. ಅಂದರೆ ಅವನ ಹಣೆಬರಹ ಅರ್ಧ ಅವನ ಕೈಲಿ, ಇನ್ನರ್ಧ ಪಕ್ಕದ ಮೇಜಿನವರ ಕೈಲಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಿಂದಿನ ಸೆಪ್ಟೆಂಬರಿನಲ್ಲಿ ನಾವು ಮಂಡ್ಯದವರು ಬೀದಿಯಲ್ಲಿದ್ದೆವು. 23ನೇ ತಾರೀಕು ಮಂಡ್ಯ ಬಂದ್, 29ಕ್ಕೆ ಕರ್ನಾಟಕ ಬಂದ್. ತಮಿಳುನಾಡಿಗೆ ನೀರು ಬಿಡಬೇಡಿ ಅಂತ ಹೆದ್ದಾರಿಯಲ್ಲಿ ಕೂತವರಲ್ಲಿ ನಾನೂ ಒಬ್ಬ. ಅದರಲ್ಲಿ ನನಗೆ ಇವತ್ತಿಗೂ ಎರಡು ಮನಸ್ಸಿಲ್ಲ. ಒಣಗುವ ಪೈರು ಕಣ್ಣ ಮುಂದೆ ಇರುವವನಿಗೆ ಬೇರೆ ದಾರಿ ಇರಲಿಲ್ಲ. ಏಳು ತಿಂಗಳು ಕಳೆದ ಮೇಲೆ ಅದೇ ಒಣಗಿದ ಗದ್ದೆಯ ಬದುವಿನ ಮೇಲೆ ಕೂತು, ಚೆನ್ನೈನ ಹುಡುಗ ಸೋಲದಿರಲಿ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಇವೆರಡೂ ಒಂದೇ ಎದೆಯಲ್ಲಿ ಇರಲು ಸಾಧ್ಯ. ನಾನು ಅದನ್ನು ಆ ರಾತ್ರಿ ತಿಳಿದೆ.

"ಮಣೆ ಯಾಕೆ ತಾತ, ಎಲ್ಲಾ ಫೋನಲ್ಲೇ ಬರ್ತದಲ್ಲ?" ಅಂದ ಹುಡುಗ, ಪಂಪ್‌ಹೌಸಿನ ಕಟ್ಟೆಯ ಮೇಲೆ ಗೋಣಿಚೀಲ ಹಾಸುತ್ತಾ.

ಅದಕ್ಕೆ ಉತ್ತರ ಹೇಳಬೇಕಾದರೆ 1972ಕ್ಕೆ ಹೋಗಬೇಕು. ಆಗ ನನಗೆ ಹನ್ನೊಂದು ವರ್ಷ. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಬಾಬಿ ಫಿಷರ್ ಮತ್ತು ಬೋರಿಸ್ ಸ್ಪಾಸ್ಕಿ ನಡುವೆ ವಿಶ್ವ ಪಟ್ಟದ ಪಂದ್ಯ. ನಮ್ಮ ಶಾಲೆಯ ಮೇಷ್ಟ್ರೊಬ್ಬರಿಗೆ ಚೆಸ್ ಹುಚ್ಚು. ಇಂಗ್ಲಿಷ್ ಪತ್ರಿಕೆಯಲ್ಲಿ ನಡೆಗಳನ್ನು ಅಚ್ಚು ಹಾಕುತ್ತಿದ್ದರು. ಆ ಪತ್ರಿಕೆ ಬಸ್ಸಿನಲ್ಲಿ ನಮ್ಮೂರಿಗೆ ಬರುವ ಹೊತ್ತಿಗೆ ಆಟ ಮುಗಿದು ಎರಡು ದಿನ. ಮೇಷ್ಟ್ರು ಒಂದು ನಡೆ ಓದುವರು, ಕಾಯಿ ನಡೆಸುವರು, ಪತ್ರಿಕೆಯನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಳ್ಳುವರು. "ಈಗ ನೀನಾಗಿದ್ರೆ ಏನು ಮಾಡ್ತಿದ್ದೆ, ಹೇಳು" ಅನ್ನುವರು. ಹೇಳುವ ತನಕ ಮುಂದಿನ ನಡೆ ಓದುತ್ತಿರಲಿಲ್ಲ. ಇಪ್ಪತ್ತೊಂದನೆಯ ಆಟ ಅರ್ಧಕ್ಕೆ ನಿಂತಿತ್ತು. ಆಗಿನ ಪದ್ಧತಿಯಂತೆ ಮುಂದಿನ ನಡೆಯನ್ನು ಲಕೋಟೆಯಲ್ಲಿ ಮುಚ್ಚಿಟ್ಟು ಮರುದಿನ ಮುಂದುವರಿಸಬೇಕಿತ್ತು. ಸೆಪ್ಟೆಂಬರ್ 1ರಂದು ಸ್ಪಾಸ್ಕಿ ಮಣೆಗೆ ಬರಲೇ ಇಲ್ಲ. ಟೆಲಿಫೋನಿನಲ್ಲಿ ಸೋಲು ಒಪ್ಪಿಕೊಂಡ. ಫಿಷರ್ ಹನ್ನೆರಡೂವರೆ, ಸ್ಪಾಸ್ಕಿ ಎಂಟೂವರೆ. ಆ ಕೊನೆಯ ಸ್ಥಿತಿಯನ್ನು ನಾವು ಮಣೆಯ ಮೇಲೆ ಜೋಡಿಸಿ ಒಂದು ಸಂಜೆ ಪೂರ್ತಿ ನೋಡಿದ್ದೆವು. ಸೋತದ್ದು ಯಾಕೆ ಅಂತ ನನಗೆ ಅರ್ಥವಾಗುವ ಹೊತ್ತಿಗೆ ದೀಪ ಹಚ್ಚಿದ್ದರು.

ಚೀಲದಲ್ಲಿದ್ದದ್ದು ಆ ಮೇಷ್ಟ್ರು ಕೊಟ್ಟ ಮಣೆಯೇ.

ಈಗ ಎಲ್ಲವೂ ಆ ಕ್ಷಣಕ್ಕೇ. ಮಣೆಯೊಳಗೇ ಯಂತ್ರ, ಕಾಯಿಗಳ ಬುಡದಲ್ಲಿ ಪುಟ್ಟ ಸುರುಳಿ. ಆಟಗಾರ ಕುದುರೆಯನ್ನು ಎತ್ತಿ ಇಟ್ಟನೆಂದರೆ ಯಾವ ಮನೆಯಿಂದ ಯಾವ ಮನೆಗೆ ಅಂತ ಮಣೆಯೇ ಗುರುತಿಸಿ ಇಂಟರ್‌ನೆಟ್ಟಿಗೆ ಹಾಕುತ್ತದೆ. ಟೊರಾಂಟೊದಲ್ಲಿ ಎತ್ತಿದ ಕುದುರೆ ಚಿಕ್ಕರಸಿನಕೆರೆಯ ಪಂಪ್‌ಹೌಸಿನಲ್ಲಿ ಇಳಿಯುತ್ತದೆ. ಇದು ನನಗೆ ಇನ್ನೂ ಸೋಜಿಗ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಶುರುಮಾಡಿದಾಗ ಅದನ್ನು ಕೇಳಿದವರಿಗೂ ಹೀಗೇ ಅನ್ನಿಸಿರಬೇಕು.

ಆದರೆ ಪರದೆಯ ಪಕ್ಕದಲ್ಲಿ ಇನ್ನೊಂದು ವಸ್ತು ಇರುತ್ತದೆ. ಕಪ್ಪು ಬಿಳುಪಿನ ಉದ್ದನೆಯ ಒಂದು ಪಟ್ಟಿ. ಥರ್ಮಾಮೀಟರಿನ ಪಾದರಸದ ಹಾಗೆ ಏರುತ್ತದೆ, ಇಳಿಯುತ್ತದೆ. ಸ್ಟಾಕ್‌ಫಿಶ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಸೆಕೆಂಡಿಗೆ ಲಕ್ಷಾಂತರ ಸ್ಥಿತಿಗಳನ್ನು ನೋಡಿ, ಯಾರು ಎಷ್ಟು ಮುಂದಿದ್ದಾರೆ ಅಂತ ಅಂಕಿಯಲ್ಲಿ ಹೇಳುತ್ತದೆ. ಹುಡುಗನ ಕಣ್ಣು ಮಣೆಯ ಮೇಲೆ ಇರಲೇ ಇಲ್ಲ. ಪಟ್ಟಿಯನ್ನೇ ನೋಡುತ್ತಿದ್ದ. "ತಾತ, ಕರುವಾನಾ ಗೆಲ್ತಾವ್ನೆ." "ಹೆಂಗೆ?" "ಗೊತ್ತಿಲ್ಲ, ಪಟ್ಟಿ ಮೇಲಕ್ಕೋಯ್ತು." ಐದು ನಿಮಿಷಕ್ಕೆ, "ಅಯ್ಯೋ, ಇಳೀತು. ಮುಟ್ಠಾಳ ಆಡ್ಬಿಟ್ಟ." ಜಗತ್ತಿನ ಎಂಟು ಜನರಲ್ಲಿ ಒಬ್ಬನನ್ನು ಹದಿನಾರು ವರ್ಷದ ಹುಡುಗ ಮುಟ್ಠಾಳ ಅಂದುಬಿಟ್ಟ. ಅವನ ತಪ್ಪಲ್ಲ. ಪಟ್ಟಿ ಅವನಿಗೆ ಉತ್ತರವನ್ನು ಕೊಟ್ಟಿತ್ತು, ಲೆಕ್ಕವನ್ನು ಕೊಟ್ಟಿರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. ಉತ್ತರವನ್ನು ಪುಸ್ತಕದ ಹಿಂದಿನ ಪುಟದಲ್ಲಿ ನೋಡಿ ಲೆಕ್ಕ ಬಿಡಿಸಿದೆ ಅನ್ನುವ ಮಕ್ಕಳನ್ನು ದಿನಾ ಕಂಡಿದ್ದೇನೆ.

ನಡುನಡುವೆ ನಾನು ಎದ್ದು ಹೋಗಿ ಒಂದು ಸಾಲಿನ ಗಂಡಿ ಮುಚ್ಚಿ ಇನ್ನೊಂದು ಸಾಲಿಗೆ ನೀರು ತಿರುಗಿಸಿ ಬರುತ್ತಿದ್ದೆ. ಬೆಳದಿಂಗಳು ಹಾಲು ಚೆಲ್ಲಿದ ಹಾಗೆ ಇತ್ತು. ಟಾರ್ಚು ಬೇಕಾಗಲಿಲ್ಲ.

ನಾಲ್ಕು ಗಂಟೆಯ ಸುಮಾರಿಗೆ ಮೊದಲ ನಲವತ್ತು ನಡೆ ಮುಗಿದಿತ್ತು. ಅಲ್ಲಿಯ ನಿಯಮ ಕಠಿಣ. ನಲವತ್ತು ನಡೆಗೆ ತಲಾ ಎರಡು ಗಂಟೆ, ಅಷ್ಟರೊಳಗೆ ಒಂದು ಸೆಕೆಂಡೂ ಹೆಚ್ಚು ಸಿಗುವುದಿಲ್ಲ. ಆಮೇಲೆ ಅರ್ಧ ಗಂಟೆ, ನಲವತ್ತೊಂದನೆಯ ನಡೆಯಿಂದ ನಡೆಗೆ ಮೂವತ್ತು ಸೆಕೆಂಡು ಸೇರಿಕೊಳ್ಳುತ್ತದೆ. ನಾಲ್ಕು ಗಂಟೆ ಕೂತು ಸವೆದ ತಲೆಗೆ ಮೂವತ್ತು ಸೆಕೆಂಡಿನಲ್ಲಿ ಸರಿಯಾದ ನಡೆ ಹೊಳೆಯಬೇಕು. ಆ ಹೊತ್ತಿಗೇ ನಮ್ಮ ಕರೆಂಟು ಹೋಯಿತು. ಮೋಟರು ನಿಂತಿತು. ಅದರ ಹಿಂದೆಯೇ ಫೋನಿನ ಸಿಗ್ನಲ್ಲೂ ಹೋಯಿತು. ಪರದೆಯ ಮೇಲೆ ಕರುವಾನಾನ ಆಟ ನಿಂತಲ್ಲೇ ನಿಂತಿತು, ಪಟ್ಟಿ ಮಾಯ.

ಹುಡುಗ ಫೋನನ್ನು ಮೇಲೆತ್ತಿ ಹುಣಸೆ ಮರದ ಸುತ್ತ ಮೂರು ಸಲ ತಿರುಗಿದ. ಬರಲಿಲ್ಲ. "ಬಾ ಇಲ್ಲಿ" ಅಂತ ಕರೆದು ಚೀಲದಿಂದ ಮಣೆ ತೆಗೆದೆ. ಪರದೆಯನ್ನು ನೋಡಿಕೊಂಡು ಒಂದೊಂದೇ ಕಾಯಿ ಜೋಡಿಸಿದೆವು. ಒಂದು ಕಪ್ಪು ಕಾಲಾಳು ಕಳೆದುಹೋಗಿ ಎಷ್ಟೋ ವರ್ಷ. ಹುಡುಗ ಮರದ ಕೆಳಗೆ ತಡಕಿ ಒಂದು ಹುಣಸೆ ಬೀಜ ತಂದು ಆ ಮನೆಯಲ್ಲಿ ಇಟ್ಟ. ಬೆಳದಿಂಗಳಲ್ಲಿ ಅದು ಮಿಣುಕುತ್ತಿತ್ತು.

"ಈಗ ಬಿಳಿ ನಿಂದು. ಪಟ್ಟಿ ಗೆಲ್ತದೆ ಅಂದಿತ್ತಲ್ಲ, ಗೆಲ್ಲು" ಅಂದೆ.

ಅವನು ಮಂತ್ರಿಯನ್ನು ತಂದು ಚೆಕ್ ಕೊಟ್ಟ. ನಾನು ಕಪ್ಪು ರಾಜನನ್ನು ಒಂದು ಮನೆ ಸರಿಸಿದೆ. ಮತ್ತೆ ಚೆಕ್. ಮತ್ತೆ ಸರಿಸಿದೆ. ನಾಲ್ಕನೆಯ ಚೆಕ್ಕಿಗೆ ಅವನ ಮಂತ್ರಿಗೆ ಹೋಗಲು ಜಾಗವೇ ಇರಲಿಲ್ಲ. ಹಿಂದಕ್ಕೆ ಜೋಡಿಸಿದ. ಈ ಸಲ ಕಾಲಾಳು ನೂಕಿದ. ಅದೂ ಕೈಗೂಡಲಿಲ್ಲ. ಮೂರನೆಯ ಸಲ ಅವನು ಕಾಯಿ ಮುಟ್ಟಲೇ ಇಲ್ಲ. ಎರಡೂ ಕೈ ಕೆನ್ನೆಗೆ ಊರಿ ಕೂತ. ದೂರದಲ್ಲಿ ಯಾವುದೋ ಮೋಟರು, ಮಳವಳ್ಳಿ ರಸ್ತೆಯಲ್ಲಿ ಒಂದು ಲಾರಿ, ಬಿಟ್ಟರೆ ಸದ್ದಿಲ್ಲ. ಎಂಟು ಹತ್ತು ನಿಮಿಷ ಆಗಿರಬೇಕು. ಆಮೇಲೆ ಅವನು ಅಂದ ಮಾತು ನನಗೆ ಹಾಗೇ ನೆನಪಿದೆ: "ತಾತ, ಇದು ಬಾಳ ಕಷ್ಟ ಕಣ್ ತಾತ. ಅವ್ನು ಮುಟ್ಠಾಳ ಅಲ್ಲ."

ಸಿಗ್ನಲ್ ಬಂದಾಗ ಅರ್ಧ ಗಂಟೆಗೂ ಮೇಲಾಗಿತ್ತು. ಕರುವಾನಾ ಇನ್ನೂ ಒತ್ತುತ್ತಲೇ ಇದ್ದ, ನೆಪೊಮ್ನಿಯಾಷಿ ಇನ್ನೂ ತಡೆಯುತ್ತಲೇ ಇದ್ದ. ಹುಡುಗ ಫೋನಿನಲ್ಲಿ ಏನೋ ಒತ್ತಿದ. ನೋಡಿದರೆ ಪಟ್ಟಿ ಕಾಣದ ಹಾಗೆ ಆರಿಸಿದ್ದ. ನಾನು ಹೇಳಿರಲಿಲ್ಲ.

ಮುಂದಿನದು ಜಗತ್ತಿಗೆ ಗೊತ್ತಿರುವ ಕತೆ. ಗುಕೇಶ್ ನಕಮುರಾನ ಜೊತೆ ಎಪ್ಪತ್ತೊಂದು ನಡೆಯಲ್ಲಿ ಡ್ರಾ ಮಾಡಿಕೊಂಡು ಎದ್ದ. ಆದರೆ ಪಕ್ಕದ ಆಟ ಮುಗಿದಿರಲಿಲ್ಲ. ಈಗ ಅವನೂ ನಮ್ಮ ಹಾಗೆ ನೋಡುಗ. ಸ್ವಲ್ಪ ಹೊತ್ತು ಆ ಆಟವನ್ನು ನೋಡಿದನಂತೆ, ಮನಸ್ಸು ನಿಲ್ಲದೆ ತನ್ನ ಸಹಾಯಕ, ಪೋಲೆಂಡಿನ ಗ್ರ್ಯಾಂಡ್‌ಮಾಸ್ಟರ್ ಗಯೆವ್ಸ್ಕಿಯ ಜೊತೆ ಹೊರಗೆ ನಡೆಯಲು ಹೋದನಂತೆ. ಅದರಿಂದ ಒಳ್ಳೆಯದಾಯಿತು ಅಂತ ಅವನೇ ಹೇಳಿದ. ಒಳಗೆ ಕರುವಾನಾನ ಕೈಗೆ ಬಂದಿದ್ದ ಗೆಲುವು ಒಂದಕ್ಕಿಂತ ಹೆಚ್ಚು ಸಲ ಜಾರಿತು. ನೂರ ಒಂಬತ್ತು ನಡೆ. ಕೊನೆಗೆ ಡ್ರಾ. ಇಬ್ಬರಿಗೂ ಮೊದಲ ಸ್ಥಾನ ಸಿಗಲಿಲ್ಲ. ನೆಪೊಮ್ನಿಯಾಷಿ ಎದುರಾಳಿಯ ಕಡೆ ನೋಡಿ ಕ್ಷಮಿಸು ಅಂದ. ಕರುವಾನಾ, ತಪ್ಪು ನನ್ನದು ಅಂದ. ಆರು ಗಂಟೆ ಕುಸ್ತಿ ಆಡಿ ಸೋತ ಇಬ್ಬರು ಒಬ್ಬರನ್ನೊಬ್ಬರು ಸಂತೈಸಿದ್ದು ನನಗೆ ಆ ಪಂದ್ಯಾವಳಿಯ ಎಲ್ಲಾ ನಡೆಗಳಿಗಿಂತ ದೊಡ್ಡದು.

ಗುಕೇಶ್ ಒಂಬತ್ತು ಅಂಕ. ಕ್ಯಾಂಡಿಡೇಟ್ಸ್ ಗೆದ್ದವರಲ್ಲಿ ಅವನಿಗಿಂತ ಎಳೆಯರು ಯಾರೂ ಇರಲಿಲ್ಲ. 2014ರಲ್ಲಿ ವಿಶ್ವನಾಥನ್ ಆನಂದ್ ಗೆದ್ದ ಮೇಲೆ ಭಾರತದವರು ಯಾರೂ ಗೆದ್ದಿರಲಿಲ್ಲ. ನಮ್ಮ ಪೂರ್ವಕ್ಕೆ ಬೆಳಕು ಹರಿಯುತ್ತಿತ್ತು. ಹುಡುಗ ಬದುವಿನ ಮೇಲೆ ಊರ ಕಡೆಗೆ ಓಡಿದ. ಕಾಲಭೈರವೇಶ್ವರನ ಗುಡಿಯ ಮುಂದೆ ದೇವರ ಎತ್ತು ಬಸಪ್ಪನ ದರ್ಶನಕ್ಕೆ ಬೆಳಗ್ಗೆಯೇ ಬಂದಿದ್ದ ಪರವೂರಿನವರು, ಟೀ ಅಂಗಡಿಯವರು, ಆ ಶುಕ್ರವಾರದ ಲೋಕಸಭಾ ಮತದಾನದ ಮಾತಿನಲ್ಲಿದ್ದವರು, ಎಲ್ಲರಿಗೂ "ಗೆದ್ದ, ಗೆದ್ದ" ಅಂತ ಹೇಳಿಕೊಂಡು ಹೋದ. "ಯಾರಪ್ಪಾ ಗೆದ್ದೋನು, ಇನ್ನೂ ಓಟೇ ಹಾಕಿಲ್ವಲ್ಲ?" ಅಂತ ಒಬ್ಬರು ಕೇಳಿದರು. ಹುಡುಗ ನಿಂತು ಅವರಿಗೆ ಪೂರ್ತಿ ವಿವರಿಸಿದ.

ಅದೇ ವರ್ಷ ಡಿಸೆಂಬರ್ 12, ಗುರುವಾರ, ನಮ್ಮ ಕಾಲಮಾನದಲ್ಲಿ ಮಧ್ಯಾಹ್ನ ಎರಡೂವರೆಗೆ ಸಿಂಗಾಪುರದಲ್ಲಿ ವಿಶ್ವ ಪಟ್ಟದ ಹದಿನಾಲ್ಕನೆಯ ಆಟ. ಆರೂವರೆ–ಆರೂವರೆ ಸಮಬಲ. ಚೀನಾದ ಡಿಂಗ್ ಲಿರೆನ್‌ಗೆ ಬಿಳಿ, ಗುಕೇಶ್‌ಗೆ ಕಪ್ಪು. ಆ ದಿನ ನಾವಿಬ್ಬರೂ ಮನೆಯ ಜಗಲಿಯಲ್ಲಿ ಮರದ ಮಣೆ ಹಾಕಿಕೊಂಡು, ಫೋನಿನ ಪಟ್ಟಿ ಆರಿಸಿ ಕೂತೆವು. ಆಟ ಕೊನೆಯ ಹಂತಕ್ಕೆ ಬಂದಾಗ ಇಬ್ಬರಿಗೂ ಉಳಿದದ್ದು ಒಂದೊಂದು ಆನೆ, ಒಂದೊಂದು ಒಂಟೆ. ಗುಕೇಶ್‌ಗೆ ಒಂದು ಕಾಲಾಳು ಹೆಚ್ಚು. ಪಟ್ಟಿ ನೋಡುತ್ತಿದ್ದವರೆಲ್ಲ ಸಮ, ಸಮ, ಮುಗಿಯಿತು, ನಾಳೆ ಟೈಬ್ರೇಕ್ ಅನ್ನುತ್ತಿದ್ದರು. ಪುಸ್ತಕದ ಲೆಕ್ಕಕ್ಕೆ ಅದು ಸಮವೇ. ಆದರೆ ಗುಕೇಶ್ ಎದ್ದು ಹೋಗಲಿಲ್ಲ. ಡಿಂಗ್‌ಗೆ ಪ್ರತಿ ನಡೆಯಲ್ಲೂ ಒಂದು ಪ್ರಶ್ನೆ ಹಾಕುತ್ತಲೇ ಇದ್ದ.

ಐವತ್ತೈದನೆಯ ನಡೆ. ಡಿಂಗ್ ತನ್ನ ಆನೆಯನ್ನು ಎಫ್ ಸಾಲಿನ ಎರಡನೆಯ ಮನೆಗೆ ತಂದ. ಅವನ ಒಂಟೆ ಎಡ ಮೂಲೆಯ ಕೊನೆಯ ಮನೆಯಲ್ಲಿ ಕೂತಿತ್ತು. ಅಲ್ಲಿಂದ ಅದಕ್ಕೆ ಒಂದೇ ಓಣಿ. ಮೊದಲು ಆನೆಗೆ ಆನೆ ಹೋದರೆ, ಆಮೇಲೆ ಕಪ್ಪು ಒಂಟೆ ಆ ಓಣಿಯ ನಡುವಿಗೆ ಬಂದು ನಿಂತರೆ, ಬಿಳಿ ಒಂಟೆಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಒಂಟೆಗೆ ಒಂಟೆಯೂ ಹೋಗುತ್ತದೆ. ಉಳಿಯುವುದು ರಾಜರು ಮತ್ತು ಕಾಲಾಳುಗಳು, ಅಲ್ಲಿ ಒಂದು ಕಾಲಾಳು ಹೆಚ್ಚಿದ್ದವನೇ ಗೆದ್ದ. ಹುಡುಗ ಮಣೆಯ ಮೇಲೆ ಆನೆ ತೆಗೆದ, ಒಂಟೆ ಇಟ್ಟ, ನನ್ನ ಮುಖ ನೋಡಿದ. ಬಾಯಿ ಬಿಡಲಿಲ್ಲ. ಪರದೆಯಲ್ಲಿ ಗುಕೇಶ್ ಇನ್ನೂ ಆ ನಡೆ ಆಡಿರಲಿಲ್ಲ. ಐವತ್ತೆಂಟನೆಯ ನಡೆಯಲ್ಲಿ ಡಿಂಗ್ ಸೋಲು ಒಪ್ಪಿಕೊಂಡ. ಹದಿನೆಂಟು ವರ್ಷಕ್ಕೆ ವಿಶ್ವ ಚಾಂಪಿಯನ್. 1985ರಲ್ಲಿ ಕ್ಯಾಸ್ಪರೋವ್ ಇಪ್ಪತ್ತೆರಡಕ್ಕೆ ಗೆದ್ದದ್ದೇ ಅಲ್ಲಿಯ ತನಕದ ದಾಖಲೆ. ಗುಕೇಶ್ ಕಣ್ಣೀರು ಸುರಿಸುತ್ತಲೇ ಕಾಯಿಗಳನ್ನು ಒಂದೊಂದಾಗಿ ಮೊದಲಿನ ಜಾಗಕ್ಕೆ ಜೋಡಿಸಿಟ್ಟ. ಅದನ್ನು ನೋಡಿ ನಮ್ಮ ಹುಡುಗನೂ ಜಗಲಿಯ ಮಣೆಯನ್ನು ಜೋಡಿಸಿದ, ಹುಣಸೆ ಬೀಜ ಸಮೇತ.

ಬಂಧುಗಳೇ, ಚದುರಂಗ ನಮಗೆ ಹೊರಗಿನ ಆಟವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ತನ್ನ ಮಾನಸೋಲ್ಲಾಸದಲ್ಲಿ ಈ ಆಟದ ವಿವರ ಬರೆಸಿದ್ದಾನೆ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇದು ಪ್ರಾಣ. ಕುದುರೆಯನ್ನು ಅರವತ್ತನಾಲ್ಕು ಮನೆಗೂ ಒಂದೊಂದೇ ಸಲ ಇಳಿಸಿ, ಇಳಿದ ಕ್ರಮದಲ್ಲಿ ಅಂಕಿ ಬರೆದರೆ, ಅಡ್ಡ ಕೂಡಿದರೂ ಉದ್ದ ಕೂಡಿದರೂ 260 ಬರುವಂಥ ಬಂಧಗಳಲ್ಲಿ ಅವರು ತಲೆ ಹಾಕಿದವರು. ರಾಜ್ಯವನ್ನು ಬ್ರಿಟಿಷರು ಕಿತ್ತುಕೊಂಡ ಮೇಲೆ ದೊರೆಗೆ ಉಳಿದದ್ದು ಅರಮನೆ, ಪುಸ್ತಕ, ಆಟ. ಆ ಕುದುರೆಯ ನಡಿಗೆಯನ್ನು ನಾನು ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಬರೆದಾಗ ಗಣಿತಕ್ಕೆ ಹೆದರುವ ಮಕ್ಕಳೂ ಬೆಂಚು ಬಿಟ್ಟು ಮುಂದೆ ಬರುತ್ತಿದ್ದರು.

ಹೀಗಿದ್ದೂ ನಮ್ಮ ರಾಜ್ಯಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. ಆಮೇಲೆ ಮೈಸೂರಿನ ಗಿರೀಶ್ ಕೌಶಿಕ್, ಬೆಂಗಳೂರಿನ ಪ್ರಣವ್ ಆನಂದ್ ಮೊದಲಾಗಿ ಬೆರಳೆಣಿಕೆಯಷ್ಟು ಜನ. ದೇಶದ ಗ್ರ್ಯಾಂಡ್‌ಮಾಸ್ಟರ್‌ಗಳಲ್ಲಿ ಮೂರರಲ್ಲಿ ಒಬ್ಬರಷ್ಟು ತಮಿಳುನಾಡಿನವರು. ಅವರ ತಲೆ ನಮ್ಮದಕ್ಕಿಂತ ಬೇರೆಯದಲ್ಲ. ದೇಶದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಮ್ಯಾನ್ಯುಯಲ್ ಆರನ್ ಅಲ್ಲಿದ್ದರು. ಮದರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ 1972ರಲ್ಲಿ ಹಿಂದೆ ವಿಶ್ವ ಚಾಂಪಿಯನ್ ಆಗಿದ್ದ ಟಾಲ್ ಹೆಸರಿನ ಚೆಸ್ ಕ್ಲಬ್ ಶುರುವಾಯಿತು. ಬಾಲಕ ಆನಂದ್ ಆಡಿ ಬೆಳೆದದ್ದು ಅಲ್ಲಿ. ಸಂಜೆ ಹೋಗಿ ಕೂರಲು ಒಂದು ಕೋಣೆ, ಎದುರಿಗೆ ಕೂರಲು ಒಬ್ಬ ಮನುಷ್ಯ ಇದ್ದರು, ಅಷ್ಟೇ ವ್ಯತ್ಯಾಸ.

ಹಾಗಾಗಿ ಆ ಹಳೆಯ ಮಣೆಯನ್ನು ನಾವು ಊರಿನ ಗ್ರಂಥಾಲಯಕ್ಕೆ ಕೊಟ್ಟೆವು. ಅರಿವು ಕೇಂದ್ರ ಅಂತ ಈಗ ಅದರ ಹೆಸರು. ಸಂಜೆ ಐದಕ್ಕೆ ನಾನಿರುತ್ತೇನೆ. ಕಾಲೇಜಿಗೆ ರಜ ಇದ್ದ ದಿನ ಅಣ್ಣನ ಮೊಮ್ಮಗ ಇರುತ್ತಾನೆ. ದೊಡ್ಡ ಪಂದ್ಯಾವಳಿಯ ಕಡೆಯ ಸುತ್ತು ಇದ್ದಾಗ ಫೋನನ್ನು ಮೇಜಿನ ಮೇಲಿಟ್ಟು, ಪಟ್ಟಿ ಆರಿಸಿ, ನಡೆಯನ್ನು ಮಣೆಯ ಮೇಲೆ ಆಡಿ, "ಈಗ ನೀನಾಗಿದ್ರೆ ಏನು ಮಾಡ್ತಿದ್ದೆ" ಅಂತ ಮಕ್ಕಳನ್ನು ಕೇಳುತ್ತೇವೆ.

ಈ ಮಾತು ಕೇಳುತ್ತಿರುವ ಮದ್ದೂರು, ಮಳವಳ್ಳಿ, ಮಂಡ್ಯದ ಹಿರಿಯರಲ್ಲಿ ನನ್ನದೊಂದು ವಿನಂತಿ. ನಿಮ್ಮ ಅಟ್ಟದ ಮೇಲೆ ಹಳೆಯ ಮಣೆ ಇದ್ದರೆ ಕೆಳಗಿಳಿಸಿ, ನಿಮ್ಮೂರ ಗ್ರಂಥಾಲಯಕ್ಕೆ ಕೊಡಿ, ವಾರಕ್ಕೊಂದು ಸಂಜೆ ನೀವೂ ಹೋಗಿ ಎದುರಿಗೆ ಕೂರಿ. ಒಂದೆರಡು ಕಾಯಿ ಕಳೆದಿದ್ದರೆ ಯೋಚನೆ ಮಾಡಬೇಡಿ. ಹುಣಸೆ ಬೀಜಕ್ಕೆ ನಮ್ಮ ಕಡೆ ಬರವಿಲ್ಲ.